ಎರಿಯಲ್ಲಿ ತೂತು ಕಂಡರೆ: ತುಡುವೆ ಪೆಟ್ಟಿಗೆಯಲ್ಲಿ ರಕ್ತಸಂಬಂಧದ ದೋಷ ಹುಡುಕುವ ಬಗೆ

ತುಡುವೆ ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಅದು ಮರಿ ಬೆಳೆಸುವ ಸಂಸಾರ ಕೋಣೆಯಿಂದ ಒಂದು ಎರಿ, ಅಂದರೆ ಮೇಣದ ಹಲ್ಲೆ, ಎತ್ತಿ, ಜೇನುನೊಣಗಳನ್ನು ಮೆಲ್ಲಗೆ ಸರಿಸಿ, ಬೆಳಕಿಗೆ ಹಿಡಿಯಿರಿ. ಒಳ್ಳೆಯ ಕುಟುಂಬವಾದರೆ ಕಣಗಳಲ್ಲಿ ಮೇಣದಿಂದ ಮುಚ್ಚಿದ ಮರಿಗಳು ತಿಳಿ ಕಂದು ಚಾಪೆ ಹಾಸಿದ ಹಾಗೆ ಒತ್ತಾಗಿ ಇರುತ್ತವೆ. ರಕ್ತಸಂಬಂಧದ ದೋಷ, ಅಂದರೆ ರಾಣಿ ತನ್ನ ಅಣ್ಣತಮ್ಮಂದಿರ ಜೊತೆಯೇ ಕೂಡಿದ್ದರಿಂದ ಬರುವ ದೋಷ, ಇರುವ ಪೆಟ್ಟಿಗೆಯಲ್ಲಿ ಆ ಚಾಪೆಯನ್ನು ಇಲಿ ಕಡಿದ ಹಾಗೆ ಕಾಣುತ್ತದೆ. ನಾಲ್ಕು ಕಣ ಮುಚ್ಚಿದೆ, ಒಂದು ಖಾಲಿ. ಮತ್ತೆ ಎರಡು ಮುಚ್ಚಿದೆ, ಪಕ್ಕದಲ್ಲೇ ಒಂದು ಮೊಟ್ಟೆ, ಅದರ ಪಕ್ಕ ಒಂದು ಬಲಿತ ಮರಿ. ವಯಸ್ಸೆಲ್ಲ ಕಲಸುಮೇಲೋಗರ.

ನಮ್ಮ ಮನೆ ಕೆಂಗೇರಿ ಕಡೆ. ತಾರಸಿ ಮೇಲೆ ಆರು ತುಡುವೆ ಪೆಟ್ಟಿಗೆ ಇಟ್ಟಿದ್ದೆ. ಆರರಲ್ಲೂ ಇದೇ ಕಥೆ. ಹೂ ಇತ್ತು, ಪರಾಗ ಬರುತ್ತಿತ್ತು, ಸತ್ತ ಮರಿ ಒಂದೂ ಕಾಣಲಿಲ್ಲ, ವಾಸನೆ ಇಲ್ಲ. ಆದರೂ ಒಂದು ಪೆಟ್ಟಿಗೆಯೂ ನಾಲ್ಕು ಚೌಕಟ್ಟು ದಾಟಿ ಬೆಳೆಯಲಿಲ್ಲ. ನಾನು ಒಂದು ವರ್ಷ ಪೂರ್ತಿ ಸಕ್ಕರೆ ಪಾಕ ಕೊಟ್ಟೆ, ನೆರಳು ಬದಲಿಸಿದೆ, ಎರಡು ಸಲ ರಾಣಿಯನ್ನೂ ಬದಲಿಸಿದೆ. ಏನೂ ಉಪಯೋಗ ಆಗಲಿಲ್ಲ. ಕಾರಣ ಗೊತ್ತಾದ ಮೇಲೆ ನೋಡಿದರೆ, ನಾನು ಹುಡುಕುತ್ತಿದ್ದ ಜಾಗವೇ ತಪ್ಪಾಗಿತ್ತು. ಬೆಂಗಳೂರಲ್ಲಿ ಮನೆ ಮೇಲೆ ಒಂದೆರಡು ಪೆಟ್ಟಿಗೆಯಿಂದ ಶುರುಮಾಡಿ, ಅದನ್ನೇ ಪಾಲು ಮಾಡುತ್ತಾ ಹೋಗುವವರು ಈಗ ಜಾಸ್ತಿ. ಅವರಿಗೆ ಆ ಒಂದು ವರ್ಷ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಳ್ಳಿಹಾಕಬೇಕಾದದ್ದು

ತೂತು ಕಂಡ ಕೂಡಲೇ ಗಾಬರಿ ಬೇಡ. ರಾಣಿ ಎರಿಯ ನಡುವಿನಿಂದ ಸುತ್ತು ಸುತ್ತಾಗಿ ಮೊಟ್ಟೆ ಇಡುತ್ತಾ ಹೊರಗೆ ಬರುತ್ತಾಳೆ. ಹಾಗಾಗಿ ನಡುವಿನ ಮರಿಗಳೇ ಮೊದಲು ನೊಣವಾಗಿ ಹೊರಬೀಳುತ್ತವೆ. ಆ ಎರಡು ಮೂರು ದಿನ ನಡುವೆ ಖಾಲಿ, ಸುತ್ತ ಮುಚ್ಚಿದ ಮರಿ ಕಾಣುತ್ತದೆ. ಇದು ದೋಷವಲ್ಲ. ತೂತು ಬಳೆಯಂತೆ ಸುತ್ತಾಗಿದೆಯಾ, ಚೆಲ್ಲಾಪಿಲ್ಲಿಯಾಗಿದೆಯಾ ಅಂತ ಮೊದಲು ನೋಡಿ. ಚೆಲ್ಲಾಪಿಲ್ಲಿಯಾದರೆ ಮಾತ್ರ ಮುಂದಕ್ಕೆ ಹೋಗಿ.

ಆಮೇಲೆ ತೂತಿನ ಒಳಗೆ ಇಣುಕಿ. ಮೊಬೈಲ್ ಟಾರ್ಚ್ ಸಾಕು. ಅಲ್ಲಿ ಜೇನೋ ಪರಾಗವೋ ತುಂಬಿದ್ದರೆ ರಾಣಿಗೆ ಜಾಗ ಸಾಲುತ್ತಿಲ್ಲ ಅಂತ ಅರ್ಥ. ಹೊಸ ಚೌಕಟ್ಟು ಕೊಡಿ, ಅಷ್ಟೇ. ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ತಳದಲ್ಲಿ ಅಲ್ಲದೆ ಗೋಡೆಗೆ ಅಂಟಿದ್ದರೆ ರಾಣಿಯೇ ಇಲ್ಲ, ಕೆಲಸಗಾರ ನೊಣಗಳು ಮೊಟ್ಟೆ ಇಡುತ್ತಿವೆ. ಅದು ಬೇರೆಯೇ ತಾಪತ್ರಯ.

ಮೇಣದ ಹುಳು ಮಾಡುವ ತೂತು ಗೆರೆಯಾಗಿ ಸಾಗುತ್ತದೆ. ಹುಳು ಎರಿಯೊಳಗೆ ಸುರಂಗ ಕೊರೆದುಕೊಂಡು ಹೋಗಿರುತ್ತದೆ, ಅದರ ದಾರಿಯುದ್ದಕ್ಕೂ ಬಲೆ ಮತ್ತು ಹಿಕ್ಕೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ರೋಗದ ವಿಚಾರದಲ್ಲಿ ಮಾತ್ರ ಅವಸರ ಮಾಡಬೇಡಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ವೈರಸ್ ರೋಗ ಅಂದರೆ ನಮ್ಮ ಕಡೆಯ ಹಳಬರಿಗೆ ಈಗಲೂ ಎದೆ ಧಸಕ್ ಅನ್ನುತ್ತದೆ. 1991ರಿಂದ ಒಂದೆರಡು ವರ್ಷದೊಳಗೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅದಕ್ಕೆ ಬಲಿಯಾದವು. ಪೀಳಿಗೆಗಳಿಂದ ಜೇನು ಸಾಕಿದ ಮನೆಗಳಲ್ಲಿ ಪೆಟ್ಟಿಗೆ ಅಟ್ಟ ಸೇರಿತು. ಅದರ ಗುರುತು ಸ್ಪಷ್ಟ. ಮರಿ ಪೂರ್ತಿ ಬೆಳೆದು, ಕಣದಲ್ಲಿ ಉದ್ದಕ್ಕೆ ಚಾಚಿಕೊಂಡು, ತಲೆ ಮೇಲೆ ಮಾಡಿ ಸತ್ತಿರುತ್ತದೆ. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದ ಹಾಗೆ ಜೋಲುತ್ತದೆ. ಒಣಗಿದ್ದು ದೋಣಿಯಂತೆ ಬಾಗಿರುತ್ತದೆ. ಇನ್ನೊಂದು ರೋಗದಲ್ಲಿ ಎಳೆ ಮರಿ ಹಳದಿಯಾಗಿ ಸುತ್ತಿಕೊಂಡು ಸಾಯುತ್ತದೆ, ಹುಳಿ ವಾಸನೆ ಬರುತ್ತದೆ. ಎರಡರಲ್ಲೂ ಹೆಣ ಸಿಗುತ್ತದೆ. ನಾವು ಹುಡುಕುತ್ತಿರುವ ದೋಷದಲ್ಲಿ ಹೆಣವೇ ಸಿಗುವುದಿಲ್ಲ. ಕಣ ತೊಳೆದಿಟ್ಟ ಹಾಗೆ ಖಾಲಿ, ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿರುತ್ತದೆ. ಈ ಮಾತನ್ನು ನೆನಪಿಡಿ.

ಉಳಿದದ್ದು ಹಸಿವು. ಜಡಿಮಳೆಯ ದಿನಗಳಲ್ಲಿ ಪರಾಗ ಕಡಿಮೆಯಾದರೆ ನೊಣಗಳು ಮೊಟ್ಟೆಯನ್ನೂ ಎಳೆ ಮರಿಯನ್ನೂ ತಾವೇ ತಿಂದುಬಿಡುತ್ತವೆ. ಆಗಲೂ ಕಣ ಖಾಲಿ, ಆಗಲೂ ಹೆಣ ಇಲ್ಲ. ನಾನು ಏಮಾರಿದ್ದು ಇಲ್ಲೇ. ಹಸಿವನ್ನೂ ರಕ್ತಸಂಬಂಧವನ್ನೂ ಬೇರೆ ಮಾಡಲು ಕಣ್ಣಳತೆ ಸಾಲದು, ಲೆಕ್ಕ ಬೇಕು.

ನೂರು ಕಣದ ಲೆಕ್ಕ

ಸ್ಟೇಷನರಿ ಅಂಗಡಿಯಲ್ಲಿ ಪಾರದರ್ಶಕ ಶೀಟ್ ಸಿಗುತ್ತದೆ, ಮಕ್ಕಳ ಪ್ರಾಜೆಕ್ಟ್‌ಗೆ ತರುತ್ತೀವಲ್ಲ, ಅದೇ. ಜೊತೆಗೆ ಅಳಿಸದ ಮಾರ್ಕರ್ ಪೆನ್ನು, ಕೆಂಪು, ನೀಲಿ, ಹಸಿರು. ಎರಿಯ ಮೇಲೆ ಶೀಟ್ ಇಟ್ಟು, ಚೌಕಟ್ಟಿನ ಮರಕ್ಕೆ ನಾಲ್ಕು ಗುಂಡುಪಿನ್ನು ಚುಚ್ಚಿ. ಪಿನ್ನಿನ ತೂತಿನಿಂದಲೇ ಮುಂದಿನ ಸಲ ಶೀಟ್ ಅದೇ ಜಾಗಕ್ಕೆ ಕೂರುತ್ತದೆ. ಹೊಸ ಮೊಟ್ಟೆ ಇರುವ ಕಡೆ, ಒಂದು ಬದಿ ಹತ್ತು ಕಣ, ಇನ್ನೊಂದು ಬದಿ ಹತ್ತು ಕಣ ಬರುವ ಹಾಗೆ ಓರೆಯಾದ ಚೌಕ ಎಳೆಯಿರಿ. ಒಳಗೆ ಸರಿಯಾಗಿ ನೂರು ಕಣ ಬರುತ್ತದೆ.

ಮೊಟ್ಟೆಯ ವಯಸ್ಸು ಅದು ನಿಂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಮೊದಲ ದಿನ ಕಣದ ತಳದಲ್ಲಿ ನೆಟ್ಟಗೆ, ಬಿಳಿ ದಾರದ ತುಂಡು ನೆಟ್ಟ ಹಾಗೆ ನಿಂತಿರುತ್ತದೆ. ಎರಡನೇ ದಿನ ವಾಲುತ್ತದೆ. ಮೂರನೇ ದಿನ ಮಲಗುತ್ತದೆ. ಬೆಳಗ್ಗೆ ಏಳೂವರೆ ಎಂಟರ ಬಿಸಿಲನ್ನು ಬೆನ್ನಿಗೆ ಬಿಟ್ಟುಕೊಂಡು, ಎರಿಯನ್ನು ಸ್ವಲ್ಪ ಓರೆ ಮಾಡಿ. ಬೆಳಕು ಕಣದ ತಳಕ್ಕೆ ಬಿದ್ದ ಕೂಡಲೇ ಮೊಟ್ಟೆ ಮಿಂಚುತ್ತದೆ. ನಿಂತ ಮೊಟ್ಟೆ ಇರುವ ಕಣಕ್ಕೆಲ್ಲ ಕೆಂಪು ಚುಕ್ಕೆ. ನಾಲ್ಕನೇ ದಿನಕ್ಕೆ ಮರಿ ಒಡೆದಿರುತ್ತದೆ, ಹಾಲಿನಂಥ ಹನಿಯಲ್ಲಿ ಸಣ್ಣ ಅರ್ಧಚಂದ್ರದ ಹಾಗೆ ತೇಲುತ್ತಿರುತ್ತದೆ. ಆಗ ನೀಲಿ ಚುಕ್ಕೆ. ಏಳನೇ ದಿನ ಇನ್ನೊಮ್ಮೆ. ಕಣಗಳೆಲ್ಲ ಮುಚ್ಚಿದ ಮೇಲೆ, ಹತ್ತನೇ ದಿನದ ಹೊತ್ತಿಗೆ, ಹಸಿರು ಚುಕ್ಕೆ.

ನನ್ನ ಮೂರನೇ ಪೆಟ್ಟಿಗೆಯಲ್ಲಿ ನೂರು ಕಣದಲ್ಲಿ 96 ಮೊಟ್ಟೆ ಇತ್ತು. ಅಂದರೆ ರಾಣಿ ಸೋಮಾರಿಯಲ್ಲ. ನಾಲ್ಕನೇ ದಿನ 94 ಮರಿ. ಅಂದರೆ ಮೊಟ್ಟೆ ಒಡೆಯದೆ ಉಳಿದದ್ದಲ್ಲ. ಏಳನೇ ದಿನ ಶೀಟ್ ಕೂರಿಸಿ ಎಣಿಸಿದೆ. 71. ತಪ್ಪಿರಬೇಕು ಅಂದುಕೊಂಡು ಮತ್ತೆ ಎಣಿಸಿದೆ. 71. ಮಾಯವಾದ ಮರಿಗಳಿದ್ದ ಆರೇಳು ಕಣದಲ್ಲಿ ಆಗಲೇ ಹೊಸ ಮೊಟ್ಟೆ ನಿಂತಿತ್ತು. ಆ ವಯಸ್ಸಿನ ಕಲಸುಮೇಲೋಗರ ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ನೊಣಗಳು ಕಣ ಖಾಲಿ ಮಾಡುತ್ತಿವೆ, ರಾಣಿ ಮತ್ತೆ ತುಂಬುತ್ತಿದ್ದಾಳೆ. ಮುಚ್ಚಿದ್ದು ಕೊನೆಗೆ 69.

ಈ ಶೀಟನ್ನು ಓದುವುದು ಹೀಗೆ. ಮೊದಲ ದಿನವೇ ಚುಕ್ಕೆ ಕಡಿಮೆ ಇದ್ದರೆ ರಾಣಿ ಅಥವಾ ಜಾಗದ ಸಮಸ್ಯೆ. ಮೊಟ್ಟೆ ಇದ್ದು, ಎಳೆ ಮರಿಯಾದ ಕೂಡಲೇ ಮಾಯವಾದರೆ ರಕ್ತಸಂಬಂಧ ಅಥವಾ ಹಸಿವು. ಮರಿ ದಪ್ಪಗೆ ಬೆಳೆದ ಮೇಲೆ ಅಥವಾ ಮುಚ್ಚಿದ ಮೇಲೆ ಹೋದರೆ ರೋಗ ಅಥವಾ ಮೇಣದ ಹುಳು. ನೂರರಲ್ಲಿ ಐದು ಹತ್ತು ಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಪೆಟ್ಟಿಗೆಯಲ್ಲೂ ಅಷ್ಟು ಆಗುತ್ತದೆ.

ಹೊಂಗೆ ಹೂ ಬಿಟ್ಟಿರುವಾಗ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಎಣಿಸಿ. ಹಸಿವಾದರೆ ಹೂ ಬಂದಾಗ ತೂತು ತುಂಬಿಕೊಳ್ಳುತ್ತದೆ. ರಕ್ತಸಂಬಂಧವಾದರೆ ಅದೇ ರಾಣಿ ಇರುವವರೆಗೂ ಲೆಕ್ಕ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಯಾಕೆಂದರೆ ರಾಣಿ ಮೊಟ್ಟೆ ಇಡಲು ಶುರುಮಾಡುವ ಮುಂಚೆ ಹಾರಿಹೋಗಿ ಕೂಡುತ್ತಾಳೆ. ಆ ವೀರ್ಯವನ್ನು ಹೊಟ್ಟೆಯ ಒಂದು ಪುಟ್ಟ ಚೀಲದಲ್ಲಿ ತುಂಬಿಕೊಂಡು ಜೀವಮಾನವಿಡೀ ಅದನ್ನೇ ಬಳಸುತ್ತಾಳೆ. ಮೊಟ್ಟೆ ಇಡಲು ಶುರುಮಾಡಿದ ಮೇಲೆ ಮತ್ತೆ ಕೂಡುವುದಿಲ್ಲ. ಅವತ್ತು ಸೇರಿದ ತಪ್ಪು ತಾನಾಗಿ ಸರಿಹೋಗುವುದಿಲ್ಲ.

ಎರಿ ಅದಲು ಬದಲು

ಮುಂದಿನ ಹೊಂಗೆ ಹೂವಿಗೆ ಕಾಯುವ ತಾಳ್ಮೆ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಬಲ್ಬ್ ಹೊತ್ತದಿದ್ದರೆ ನಾವು ಏನು ಮಾಡುತ್ತೀವಿ? ಅದನ್ನು ಬೇರೆ ಹೋಲ್ಡರ್‌ಗೆ ಹಾಕಿ ನೋಡುತ್ತೀವಿ, ಅಲ್ವಾ? ಹಾಗೇ ಮೊಟ್ಟೆಯ ಎರಿಯನ್ನು ಬೇರೆಯವರ ಪೆಟ್ಟಿಗೆಗೆ ಹಾಕಿ ನೋಡಬೇಕು.

ಕನಕಪುರ ರಸ್ತೆಯ ಆಚೆ ತೋಟ ಇರುವ ಒಬ್ಬ ಹಿರಿಯರು ಮೂವತ್ತು ವರ್ಷದಿಂದ ತುಡುವೆ ಸಾಕುತ್ತಿದ್ದಾರೆ. ಅವರ ಎರಿ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ, ಅಷ್ಟು ಒತ್ತು. ಒಂದು ಭಾನುವಾರ ಬೆಳಗ್ಗೆ ಆರಕ್ಕೇ ಹೊರಟೆ, ಟ್ರಾಫಿಕ್ ಶುರುವಾದರೆ ಮೊಟ್ಟೆ ಒಣಗಿಹೋಗುತ್ತದೆ ಅಂತ. ರಾಣಿ ಬಂದಿಲ್ಲ ಅಂತ ಎರಡು ಸಲ ನೋಡಿ, ನೊಣವನ್ನೆಲ್ಲ ಬ್ರಷ್‌ನಲ್ಲಿ ಸರಿಸಿ, ಎರಿಯನ್ನು ಥರ್ಮಾಕೋಲ್ ಡಬ್ಬದಲ್ಲಿ ಒದ್ದೆ ಬಟ್ಟೆ ಜೊತೆ ಇಟ್ಟಿದ್ದೆ. ನನ್ನ ಎರಿ ಅವರ ಪೆಟ್ಟಿಗೆಗೆ ಹೋಯಿತು, ಅವರದು ನನ್ನ ಪೆಟ್ಟಿಗೆಗೆ ಬಂತು. ಎರಡರ ಮೇಲೂ ಶೀಟ್ ಗುರುತು ಇತ್ತು.

ಹತ್ತು ದಿನ ಆದಮೇಲೆ ಅವರ ಮೊಟ್ಟೆ ನನ್ನ ಪೆಟ್ಟಿಗೆಯಲ್ಲಿ ಚಾಪೆಯ ಹಾಗೆ ಮುಚ್ಚಿಕೊಂಡಿತ್ತು. ನನ್ನ ನೊಣಗಳು ಚೆನ್ನಾಗಿಯೇ ಸಾಕಿದ್ದವು. ನನ್ನ ಮೊಟ್ಟೆ ಮಾತ್ರ ಅವರ ಅಷ್ಟು ಬಲವಾದ ಪೆಟ್ಟಿಗೆಯಲ್ಲೂ ತೂತು ತೂತಾಗಿಯೇ ಇತ್ತು. ಫೋನಿನಲ್ಲೇ ಹೇಳಿದರು:

"ಸ್ವಾಮಿ, ನಿಮ್ಮ ಆರೂ ಪೆಟ್ಟಿಗೆ ಒಂದೇ ತಾಯಿ ಮಕ್ಕಳಲ್ವಾ?"

"ಹೌದು ಗೌಡ್ರೇ. ಒಂದನ್ನೇ ಪಾಲು ಮಾಡ್ಕೊಂಡು ಬಂದಿದ್ದು."

"ಮತ್ತೆ ಗಂಡು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ.

ಹೀಗೆ ಯಾಕಾಗುತ್ತದೆ?

ಜೇನಿನಲ್ಲಿ ಗಂಡಿಗೆ ತಂದೆ ಇಲ್ಲ. ವೀರ್ಯ ಸೇರದ ಮೊಟ್ಟೆಯಿಂದಲೇ ಗಂಡು ಹುಟ್ಟುತ್ತದೆ. ಈ ಮಾತನ್ನು ಯೋಹಾನ್ ಜೀರ್ಜೋನ್ ಎಂಬ ಪಾದ್ರಿ 1845ರಲ್ಲೇ ಹೇಳಿದ್ದರು. ವೀರ್ಯ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ ಅಂತ ಎಲ್ಲರೂ ಅಂದುಕೊಂಡರು. ಅದು ಮುಕ್ಕಾಲು ಸತ್ಯ.

ನಮ್ಮಲ್ಲಿ ಮದುವೆ ಮಾತು ಬಂದಾಗ ಗೋತ್ರ ಕೇಳುತ್ತಾರಲ್ಲ, ಜೇನಿನ ಲೆಕ್ಕವನ್ನೂ ಹಾಗೆ ಹೇಳಬಹುದು. ಪ್ರತಿ ಮೊಟ್ಟೆಯಲ್ಲೂ ಲಿಂಗ ತೀರ್ಮಾನಿಸುವ ಒಂದು ಜೀನ್ ಇದೆ. ಅದಕ್ಕೆ ಹಲವು ರೂಪ. ಒಂದೊಂದು ರೂಪವೂ ಒಂದೊಂದು ಗೋತ್ರ ಅಂದುಕೊಳ್ಳಿ. ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ ಬೇರೆ ಬೇರೆಯಾದರೆ ಹೆಣ್ಣು. ತಾಯಿಯದು ಒಂದೇ ಇದ್ದರೆ ಗಂಡು. ಆದರೆ ತಂದೆಯಿಂದಲೂ ಅದೇ ಗೋತ್ರ ಬಂದರೆ? ಆಗಲೂ ಗಂಡೇ. ತಂದೆ ಇರುವ ಗಂಡು. ಈ ಗಂಡಿನಿಂದ ಕುಟುಂಬಕ್ಕೆ ಪ್ರಯೋಜನ ಇಲ್ಲ. ಮರಿಗೆ ಊಟ ಕೊಡುವ ನೊಣಗಳು ಅದನ್ನು ಗುರುತಿಸಿ, ಕಣ ಮುಚ್ಚುವ ಎಷ್ಟೋ ಮೊದಲೇ ತಿಂದುಬಿಡುತ್ತವೆ. ತೊಳೆದಿಟ್ಟಂಥ ಖಾಲಿ ಕಣದ ಗುಟ್ಟು ಇದು.

ಇದು ಒಂದೇ ದಿನ ಗೊತ್ತಾದದ್ದಲ್ಲ. ಬ್ರಾಕನ್ ಎಂಬ ಪರಾವಲಂಬಿ ಕಣಜದಲ್ಲಿ ವೈಟಿಂಗ್ ಎಂಬ ವಿಜ್ಞಾನಿ 1943ರಲ್ಲಿ ಈ ನಿಯಮ ತೋರಿಸಿದರು. ರಕ್ತಸಂಬಂಧ ಹೆಚ್ಚಾದ ಜೇನಿನಲ್ಲಿ ಮರಿ ಕಡಿಮೆಯಾಗುತ್ತದೆ ಅಂತ ಮ್ಯಾಕೆನ್ಸೆನ್ ಎಂಬ ಇನ್ನೊಬ್ಬ ವಿಜ್ಞಾನಿ 1951ರಲ್ಲಿ ತೋರಿಸಿದರು. ಮರಿ ತಾನಾಗಿ ಸಾಯುತ್ತದೆ ಅಂತಲೇ ಆಗ ನಂಬಿದ್ದರು. ಪೋಲೆಂಡಿನ ಯೆರ್ಜಿ ವೊಯ್ಕೆ ಆ ಮರಿಗಳನ್ನು ನೊಣಗಳ ಕೈಗೆ ಸಿಗದ ಹಾಗೆ ಬೇರೆ ಇಟ್ಟು ಸಾಕಿದರು. ಬದುಕಿದವು, ಬೆಳೆದವು. ಅವು ಸಾಯುತ್ತಿರಲಿಲ್ಲ, ನೊಣಗಳು ತಿನ್ನುತ್ತಿದ್ದವು ಅಂತ 1963ರಲ್ಲಿ ಗೊತ್ತಾಯಿತು. ಆ ಜೀನ್ ಯಾವುದು ಅಂತ 2003ರಲ್ಲಿ ಮಾರ್ಟಿನ್ ಬೈ ಮತ್ತು ಜೊತೆಗಾರರು ಗುರುತಿಸಿದರು. ವೊಯ್ಕೆಯವರ ಆ ಕೆಲಸ ನನಗೆ ತುಂಬಾ ಇಷ್ಟ. ಖಾಲಿ ಕಣ ನೋಡಿ ಎಲ್ಲರೂ ಕಾರಣ ಊಹಿಸುತ್ತಿದ್ದಾಗ ಅವರು ಮರಿಯನ್ನೇ ಎತ್ತಿ ಬೇರೆ ಇಟ್ಟು ನೋಡಿದರು.

ಈಗ ನನ್ನ 94ರಲ್ಲಿ 23 ಮರಿ ಹೋದದ್ದು ಯಾಕೆ ಅಂತ ನೋಡಿ. ಕನ್ಯೆ ರಾಣಿಯಲ್ಲಿ ಎರಡು ಗೋತ್ರ, ಒಂದು ತಾಯಿಯದು, ಒಂದು ತಂದೆಯದು. ಅವಳ ಅಣ್ಣತಮ್ಮಂದಿರಿಗೆ ತಾಯಿಯ ಎರಡು ಗೋತ್ರದಲ್ಲಿ ಒಂದು ಮಾತ್ರ. ಹಾಗಾಗಿ ಅವರಲ್ಲಿ ಅರ್ಧದಷ್ಟು ಮಂದಿಗೆ ಅವಳದೇ ಗೋತ್ರ. ಅಂಥವನಿಂದ ಆದ ಮೊಟ್ಟೆಗಳಲ್ಲಿ ಅರ್ಧ ಹೋಗುತ್ತದೆ. ಅಣ್ಣತಮ್ಮಂದಿರ ಜೊತೆ ಮಾತ್ರ ಕೂಡಿದ ರಾಣಿ ಸುಮಾರು ಕಾಲು ಭಾಗ ಮರಿ ಕಳೆದುಕೊಳ್ಳುತ್ತಾಳೆ. 94ರ ಕಾಲು ಭಾಗ ಎಷ್ಟು? ಶೀಟ್ ಹಿಡಿದುಕೊಂಡು ಈ ಲೆಕ್ಕ ಮಾಡಿದ ದಿನ ನಾನು ತಾರಸಿಯ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ.

ಹಾಗಾಗಬಾರದು ಅಂತಲೇ ಜೇನಿನ ಕೂಡುವ ಕ್ರಮ ಇಷ್ಟು ವಿಸ್ತಾರವಾಗಿದೆ. ಕನ್ಯೆ ರಾಣಿ ಪೆಟ್ಟಿಗೆಯೊಳಗೆ ಕೂಡುವುದೇ ಇಲ್ಲ, ಪಕ್ಕದಲ್ಲೇ ನೂರಾರು ಗಂಡು ಇದ್ದರೂ. ಹುಟ್ಟಿ ಸುಮಾರು ಒಂದು ವಾರಕ್ಕೆ ಹೊರಗೆ ಹಾರುತ್ತಾಳೆ. ಸುತ್ತಮುತ್ತಲ ಎಷ್ಟೋ ಗೂಡುಗಳ ಗಂಡುಗಳು ಒಂದು ಕಡೆ ಗಾಳಿಯಲ್ಲಿ ಸುತ್ತುತ್ತಾ ಕಾಯುತ್ತಿರುತ್ತವೆ. ಅಲ್ಲಿ ಒಬ್ಬನಲ್ಲ, ಹತ್ತಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತಾಳೆ. ಕೂಡಿದ ಗಂಡು ಅಲ್ಲೇ ಸಾಯುತ್ತದೆ. ಹತ್ತರಲ್ಲಿ ಒಬ್ಬ ಸಗೋತ್ರದವನಾದರೂ ನಷ್ಟ ನೂರಕ್ಕೆ ಐದು. ಒಬ್ಬನ ಜೊತೆ ಮಾತ್ರ ಕೂಡಿ ಅವನೇ ಸಗೋತ್ರದವನಾಗಿದ್ದರೆ ಅರ್ಧ ಸಂಸಾರ ಹೋಗುತ್ತಿತ್ತು.

ಈ ಕ್ರಮ ನಡೆಯಬೇಕಾದರೆ ಸುತ್ತಮುತ್ತ ಬೇರೆ ಗೂಡುಗಳು ಇರಬೇಕು. ನಾನು ಬಂದಾಗ ನಮ್ಮ ಬೀದಿಯಲ್ಲಿ ಪೊಟರೆ ಇದ್ದ ಹಳೆ ಮರ ಎರಡಿದ್ದವು, ಕಲ್ಲಿನ ಕಾಂಪೌಂಡ್ ಸಂದಿಯಲ್ಲಿ ಒಂದು ತುಡುವೆ ಗೂಡಿತ್ತು. ಮರ ಹೋಯಿತು, ಕಾಂಪೌಂಡ್‌ಗೆ ಸಿಮೆಂಟ್ ಬಿತ್ತು. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಹೆಜ್ಜೇನು ಕಟ್ಟಿದರೆ ಅವತ್ತೇ ಔಷಧಿ ಹೊಡೆಸುತ್ತಾರೆ, ಅದೇ ಕೈಯಲ್ಲಿ ಮೀಟರ್ ಬಾಕ್ಸಿನ ತುಡುವೆಗೂ. ಕೊನೆಗೆ ನನ್ನ ರಾಣಿಯರು ಹಾರಿ ಹೋದಾಗ ಆಕಾಶದಲ್ಲಿ ಇದ್ದದ್ದು ಬಹುಪಾಲು ನನ್ನವೇ ಗಂಡುಗಳು.

ಎಲ್ಲ ಕೀಟಕ್ಕೂ ಇದೇ ನಿಯಮ ಅಂದುಕೊಳ್ಳಬೇಡಿ. ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಪುಟ್ಟ ಕಣಜ ಕಾಣುತ್ತದಲ್ಲ, ಒಂದೇ ತಾಯಿ ಆ ಕಾಯಿಯೊಳಗೆ ಹೋಗಿ ಮೊಟ್ಟೆ ಇಟ್ಟಿದ್ದರೆ ಅಲ್ಲಿ ಅಣ್ಣತಂಗಿಯರೇ ಕೂಡುತ್ತಾರೆ. ಏನೂ ಆಗುವುದಿಲ್ಲ. ಅವುಗಳಲ್ಲಿ ಲಿಂಗ ತೀರ್ಮಾನ ಆಗುವುದು ಜೇನಿನ ಈ ಗೋತ್ರದ ಲೆಕ್ಕದಲ್ಲಿ ಅಲ್ಲ. ತಾಯಿ ಗಂಡು ಮಕ್ಕಳನ್ನು ಕಡಿಮೆ, ಹೆಣ್ಣು ಮಕ್ಕಳನ್ನು ಜಾಸ್ತಿ ಹೆರುತ್ತಾಳೆ. ಅಣ್ಣತಮ್ಮಂದಿರೇ ಒಬ್ಬರ ಮೇಲೊಬ್ಬರು ಪೈಪೋಟಿ ಮಾಡಿ ಏನು ಸಿಗುತ್ತದೆ? ಜೀವವಿಜ್ಞಾನಿ ಹ್ಯಾಮಿಲ್ಟನ್ 1967ರಲ್ಲಿ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. ರೇಷ್ಮೆಯಲ್ಲಿ ಇನ್ನೊಂದು ಥರ. ರಾಮನಗರದ ಕಡೆಯ ರೈತರು ತಮ್ಮದೇ ಗೂಡಿನಿಂದ ಮೊಟ್ಟೆ ಮಾಡಿಕೊಳ್ಳದೆ ಪ್ರತಿ ಬೆಳೆಗೂ ಮಿಶ್ರತಳಿ ಮೊಟ್ಟೆ ತರುತ್ತಾರೆ. ಒಂದೇ ತಳಿ ಒಳಗೊಳಗೇ ಬೆಳೆದರೆ ಹುಳು ಸೊರಗುತ್ತದೆ, ಗೂಡು ತೆಳುವಾಗುತ್ತದೆ. ಅಲ್ಲಿ ಹುಳು ಹುಟ್ಟುತ್ತದೆ, ಬಲ ಇರುವುದಿಲ್ಲ. ಜೇನಿನಲ್ಲಿ ಮರಿಯೇ ಉಳಿಯುವುದಿಲ್ಲ.

ಸರಿಮಾಡುವುದು

ನಾನು ಎರಡು ಸಲ ರಾಣಿ ಬದಲಿಸಿದ್ದು ಯಾಕೆ ಫಲಿಸಲಿಲ್ಲ ಅಂತ ಈಗ ಗೊತ್ತಾಗಿರಬೇಕು. ಅಕ್ಕನನ್ನು ತೆಗೆದು ತಂಗಿಯನ್ನು ಕೂರಿಸಿದ್ದೆ. ಬೇರೆ ಮನೆತನದ ಮೊಟ್ಟೆ ಬೇಕು.

ಸುಲಭ ದಾರಿ ಎರಿ ತರುವುದು. ಆರೇಳು ಕಿಲೋಮೀಟರ್ ಆಚೆಯ, ನಿಮ್ಮ ಪೆಟ್ಟಿಗೆಗಳಿಗೆ ಸಂಬಂಧ ಇಲ್ಲದ ಕುಟುಂಬದಿಂದ ಹೊಸ ಮೊಟ್ಟೆ ಇರುವ ಒಂದು ಎರಿ ತನ್ನಿ. ಅವರ ಪೆಟ್ಟಿಗೆಯನ್ನು ನೀವೇ ತೆರೆದು, ಸ್ಯಾಕ್‌ಬ್ರೂಡ್ ಇಲ್ಲ ಅಂತ ಕಣ್ಣಾರೆ ನೋಡಿ. ಪೂರ್ತಿ ಕುಟುಂಬವನ್ನೇ ಕೊಂಡರೆ ಒಂದು ತಿಂಗಳು ದೂರ ಇಡಿ. ನನ್ನ ಮೊದಲ ಪೆಟ್ಟಿಗೆ ಮಾರಿದವರು "ಆರು ಬೇಕಾದ್ರೂ ಇದರಿಂದಲೇ ಮಾಡ್ಕೊಳ್ಳಿ" ಅಂದಿದ್ದರು. ಪೆಟ್ಟಿಗೆ ಮಾರುವವರು ಹೀಗೆ ಹೇಳಬಾರದು.

ನಿಮ್ಮ ಪೆಟ್ಟಿಗೆಯಿಂದ ಹಳೆ ರಾಣಿಯನ್ನು ತೆಗೆದು, ತಂದ ಎರಿಯನ್ನು ನಡುವೆ ಇಡಿ. ನೊಣಗಳು ಹೊಸ ಎರಿಯಲ್ಲೂ ರಾಣಿ ಕೋಶ ಕಟ್ಟುತ್ತವೆ, ನಿಮ್ಮ ಹಳೆ ಎರಿಯಲ್ಲೂ ಕಟ್ಟುತ್ತವೆ. ಇಲ್ಲೇ ಬಹಳ ಜನ ತಪ್ಪುವುದು. ಐದನೇ ದಿನ ಒಮ್ಮೆ, ಎಂಟನೇ ದಿನ ಇನ್ನೊಮ್ಮೆ ಹಳೆ ಎರಿಗಳನ್ನು ಮೂಲೆ ಮೂಲೆ ನೋಡಿ ಅಲ್ಲಿರುವ ರಾಣಿ ಕೋಶವನ್ನೆಲ್ಲ ಕಿತ್ತುಹಾಕಿ. ಒಂದು ಉಳಿದರೂ ಅದೇ ಮೊದಲು ಒಡೆದು ಬಂದು ಉಳಿದವನ್ನು ಕೊಲ್ಲಬಹುದು. ಎಂಟು ದಿನ ಆದಮೇಲೆ ಹಳೆ ಎರಿಯಲ್ಲಿ ರಾಣಿ ಮಾಡುವಂಥ ಎಳೆ ಮರಿ ಉಳಿದಿರುವುದಿಲ್ಲ. ಹೊಸ ರಾಣಿ ಮೊಟ್ಟೆ ಇಡಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಪದೇ ಪದೇ ತೆರೆಯಬೇಡಿ. ತುಡುವೆ ಬೇಜಾರಾದರೆ ಪೆಟ್ಟಿಗೆ ಬಿಟ್ಟು ಹೊರಟೇಹೋಗುತ್ತದೆ.

ಹಳೆ ಪೆಟ್ಟಿಗೆಯ ಗಂಡುಗಳನ್ನು ಏನು ಮಾಡುವುದು ಅಂತ ಕೇಳುತ್ತೀರಿ. ಬಿಟ್ಟುಬಿಡಿ. ಅವುಗಳಲ್ಲಿ ದೋಷ ಇಲ್ಲ. ಅಕ್ಕತಂಗಿಯರಿಗೆ ಆಗದ ಗಂಡು ಹೊರಗಿನಿಂದ ಬಂದ ರಾಣಿಗೆ ಒಳ್ಳೆಯ ಜೋಡಿ. ಗಂಡು ಮರಿಯ ಎರಿಯನ್ನು ಕತ್ತರಿಸಿ ಎಸೆಯುವ ಅಭ್ಯಾಸವನ್ನೇ ಬಿಡಬೇಕು ಅಂತ ನನ್ನ ಅಭಿಪ್ರಾಯ. ತುಡುವೆಯಲ್ಲಿ ಅದನ್ನು ಗುರುತಿಸುವುದು ಸುಲಭ. ಮುಚ್ಚಳ ಉಬ್ಬಿರುತ್ತದೆ, ನಡುವೆ ಸೂಜಿ ಚುಚ್ಚಿದಷ್ಟು ಸಣ್ಣ ರಂಧ್ರ. ಇಡ್ಲಿ ಬೇಯುವಾಗ ಮೇಲೆ ಬೀಳುವ ಸಣ್ಣ ಕಣ್ಣಿನ ಹಾಗೆ. ಹೊಸಬರು ಅದನ್ನು ರೋಗ ಅಂದುಕೊಂಡು ಕತ್ತರಿಸುತ್ತಾರೆ.

ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನಿನ, ಪೆಟ್ಟಿಗೆ ಪಕ್ಕದಲ್ಲಿಟ್ಟರೆ ರಕ್ತ ಬದಲಾಗುತ್ತದೆ ಅಂತ ಒಬ್ಬರು ಹೇಳಿದ್ದರು. ಆಗುವುದಿಲ್ಲ. ಅದು ಬೇರೆ ಜಾತಿ, ತುಡುವೆ ರಾಣಿಗೆ ಅದರಿಂದ ಸಂತಾನ ಆಗುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಯಾವ ರಾಣಿ ಯಾವ ಬಡಾವಣೆಯ ಮೊಟ್ಟೆಯಿಂದ ಬಂದವಳು ಅಂತ ಬರೆಯಿರಿ. ನನ್ನಲ್ಲಿ ಈಗ ಮೂರು ಮನೆತನ ಇದೆ: ಹಳೆಯದು, ಗೌಡರದು, ಉತ್ತರಹಳ್ಳಿ ಕಡೆ ಒಂದು ನೀರಿನ ಮೀಟರ್ ಗುಂಡಿಯಿಂದ ಹಿಡಿದು ತಂದದ್ದು. ಪಾಲು ಮಾಡುವಾಗ ಮೂರರಿಂದಲೂ ಮಾಡುತ್ತೇನೆ. ಚೆನ್ನಾಗಿ ಜೇನು ಕೊಡುವ ಒಂದನ್ನೇ ಪಾಲು ಮಾಡಬೇಕು ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ದೋಷ ಶುರುವಾಗುವುದು ಅಲ್ಲಿಂದಲೇ.

ಮುಜಂಟಿ, ಅಂದರೆ ಕುಟುಕದ ಪುಟ್ಟ ಜೇನು, ಸಾಕುವವರಿಗೆ ಒಂದು ಮಾತು. ಆ ರಾಣಿ ಸಾಮಾನ್ಯವಾಗಿ ಒಂದೇ ಗಂಡಿನ ಜೊತೆ ಕೂಡುತ್ತಾಳೆ. ಅವನು ಸಗೋತ್ರದವನಾದರೆ ವೀರ್ಯ ಸೇರಿದ ಮೊಟ್ಟೆಗಳಲ್ಲಿ ಅರ್ಧ ಗಂಡಾಗುತ್ತದೆ. ಮುಜಂಟಿಯಲ್ಲಿ ಕಣವನ್ನು ಮೊದಲೇ ಮುಚ್ಚಿಬಿಡುವುದರಿಂದ ಆ ಗಂಡು ಪೂರ್ತಿ ಬೆಳೆದೇ ಹೊರಬರುತ್ತದೆ. ಹಾಗಾಗಿ ಅಲ್ಲಿ ಎರಿಯ ತೂತು ಹುಡುಕಬೇಡಿ. ಗಂಡು ಜಾಸ್ತಿ, ಕೆಲಸಗಾರರು ಕಡಿಮೆ, ಗೂಡು ಸೊರಗುತ್ತಿದೆ ಅಂದರೆ ಅನುಮಾನ ಪಡಿ.

ದೋಷ ಹಿಡಿದಿದೆ ಅಂತ ಪೆಟ್ಟಿಗೆ ಬಿಸಾಡುವ ಅಗತ್ಯ ಇಲ್ಲ. ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ 2007ರಲ್ಲಿ ನಮ್ಮ ತುಡುವೆಯ ಜಾತಿಯ ಜೇನೇ ಕಾಣಿಸಿಕೊಂಡಿತು. ಬಂದದ್ದು ಕೆಲವೇ ನೊಣ, ಅವುಗಳಲ್ಲಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಗೋತ್ರ. ಎರಿ ತೂತಾಗಬೇಕಿತ್ತು. ಆದರೂ ಅವು ಹರಡಿದವು. ಅಪರೂಪದ ಗೋತ್ರ ಇರುವ ಗಂಡಿಗೆ ಸಗೋತ್ರದ ರಾಣಿ ಸಿಗುವುದು ಕಡಿಮೆ, ಅವನ ಮಕ್ಕಳು ಜಾಸ್ತಿ ಉಳಿಯುತ್ತಾರೆ. ಹಾಗೆ ಕೆಲವೇ ವರ್ಷದಲ್ಲಿ ಇದ್ದಷ್ಟೇ ಗೋತ್ರಗಳು ಸಮಸಮ ಹಂಚಿಕೊಂಡವು. ಬಿಟ್ಟು ಹಾರಾಡಲು ಜಾಗ ಇತ್ತು, ಗೂಡು ಕಟ್ಟಲು ಪೊಟರೆ ಇತ್ತು. ಆದ್ದರಿಂದ ಮೀಟರ್ ಬಾಕ್ಸಿನಲ್ಲಿ ತುಡುವೆ ಕಂಡರೆ ದಯವಿಟ್ಟು ಔಷಧಿ ಹೊಡೆಸಬೇಡಿ. ಹತ್ತಿರದ ಜೇನು ಸಾಕುವವರಿಗೆ ಹೇಳಿ, ಬಂದು ಹಿಡಿದುಕೊಂಡು ಹೋಗುತ್ತಾರೆ. ಅವರ ಪೆಟ್ಟಿಗೆಗೆ ಬೇಕಾಗಿರುವ ಗೋತ್ರ ಅದರಲ್ಲೇ ಇರಬಹುದು.

ನನ್ನ ಆರರಲ್ಲಿ ನಾಲ್ಕಕ್ಕೆ ಹೊಸ ರಾಣಿ ಸಿಕ್ಕಿತು. ಒಂದು ನಾನು ಜಾಸ್ತಿ ತೆರೆದು ನೋಡಿದ್ದಕ್ಕೆ ಬಿಟ್ಟು ಹೋಯಿತು. ಒಂದರಲ್ಲಿ ಹಳೆ ರಾಣಿಯನ್ನೇ ಉಳಿಸಿಕೊಂಡಿದ್ದೇನೆ, ಮಳೆಗಾಲ ಕಳೆದ ಮೇಲೆ ಬದಲಿಸಬೇಕು. ಮೊನ್ನೆ ಮೂರನೇ ಪೆಟ್ಟಿಗೆಯ ಎರಿಗೆ ಅದೇ ಹಳೆ ಶೀಟ್ ಇಟ್ಟೆ. ಪಿನ್ನಿನ ತೂತು ಸ್ವಲ್ಪ ಹರಿದಿತ್ತು, ಆದರೂ ಕೂತಿತು. 95 ಮೊಟ್ಟೆ. ಹತ್ತನೇ ದಿನ ಮುಚ್ಚಿದ್ದು 91.